ಎರಡನೇ ಸೂಜಿ

ಓಬಮ್ಮ ಶಿವನಿ ಊರಿನ ಸುತ್ತಮುತ್ತ ಮೂವತ್ತೊಂದು ವರ್ಷ ನರ್ಸ್ ಆಗಿದ್ದಳು. ನಿವೃತ್ತಿಯಾದ ಮೇಲೆ ಅವಳಿಗೆ ಉಳಿದ ರೋಗಿ ಒಬ್ಬನೇ, ಗಂಡ ಗಿರಿಯಪ್ಪ. ರೈಲ್ವೆ ಹಳಿ ಕಾಯುತ್ತಿದ್ದ ಅವನ ಕಣ್ಣನ್ನು ಸಕ್ಕರೆ ಕಾಯಿಲೆ ಪೂರ್ತಿ ತಿಂದುಹಾಕಿತ್ತು. ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚುವುದು ಅವಳ ಕೆಲಸ.

ವಯಸ್ಸಾದವರ ಮಿದುಳಿನ ಅಧ್ಯಯನಕ್ಕೆಂದು ತರೀಕೆರೆಗೆ ಒಂದು ತಂಡ ಬಂದಾಗ ಅವಳೇ ಹೋಗಿ ಹೆಸರು ಕೊಟ್ಟಳು. ಅಕ್ಕ ತೀರ್ಥಮ್ಮ ಕೊನೆಗಾಲದಲ್ಲಿ ಹೆತ್ತ ಮಗಳನ್ನೇ 'ಯಾರ ಪೈಕಿ ನೀನು' ಎಂದು ಕೇಳಿದ್ದು ಅವಳನ್ನು ಕಾಡುತ್ತಿತ್ತು. ಶಿವಮೊಗ್ಗದಲ್ಲಿ ಸ್ಕ್ಯಾನ್ ಆಯಿತು. ಡಾಕ್ಟರ್ ರುದ್ರಮೂರ್ತಿ ಪರದೆಯ ಮೇಲೆ ತೋರಿಸಿದರು.

"ನೆನಪು ಕೂಡಿಡೋ ಭಾಗ ಇದು. ನಿಮ್ಮ ವಯಸ್ಸಿಗೆ ಇರಬೇಕಾದ್ದಕ್ಕಿಂತ ಕುಗ್ಗಿದೆ. ಕಾಯಿಲೆ ಬಂದಿದೆ ಅಂತಲ್ಲ, ಬರೋ ಸಂಭವ ಜಾಸ್ತಿ. ಮುಂದಿನ ವರ್ಷ ಮತ್ತೆ ನೋಡೋಣ. ಮನೇಲಿ ತಿಳಿಸಿರಿ."

"ಅಲ್ಲೀತಂಕ ಏನ್ ಮಾಡ್ಲಿ ಸಾರ್?"

"ನಡೀರಿ, ನಾಲ್ಕು ಜನರ ಜೊತೆ ಮಾತಾಡಿ, ಬಿಪಿ ನೋಡ್ಕೊಳ್ಳಿ. ಸದ್ಯಕ್ಕೆ ಅಷ್ಟೇ ಅಮ್ಮ."

ಅವಳು ಮನೆಯಲ್ಲಿ ತಿಳಿಸಲಿಲ್ಲ. ತಿಳಿಸಿದರೆ ಸೂಜಿ ಕೈಬಿಟ್ಟುಹೋಗುತ್ತದೆ ಎಂಬ ಭಯ. ದಿನಾ ನಡೆಯುತ್ತ, ತಾನು ಹೆರಿಗೆ ಮಾಡಿಸಿದ ಮನೆಗಳನ್ನು ಒಂದೊಂದೇ ಬೀದಿ ಹಿಡಿದು ನೆನೆಯುತ್ತಿದ್ದಳು. ಒಂದು ಮನೆ ತಪ್ಪಿದರೆ ಮತ್ತೆ ಮೊದಲಿಂದ.

ಶ್ರಾವಣದ ಒಂದು ಸೋಮವಾರ ಸೂಜಿ ಚುಚ್ಚಿದ ಕೂಡಲೇ ಫೋನ್ ಬಂತು. ಮಾತು ಮುಗಿಸಿ ಒಳಗೆ ಬಂದಾಗ ಔಷಧಿಯ ಸೀಸೆ ಮೇಜಿನ ಮೇಲಿತ್ತು. ಇನ್ನೂ ಕೊಟ್ಟಿಲ್ಲ ಎಂದುಕೊಂಡಳು. ಅನುಮಾನವೇ ಬಾರದೆ ಮತ್ತೊಂದು ಸಿರಿಂಜ್ ತುಂಬಿದಳು. ಗಿರಿಯಪ್ಪ ಸುಮ್ಮನೆ ಅಂಗಿ ಎತ್ತಿದ.

ಸ್ವಲ್ಪ ಹೊತ್ತಿನಲ್ಲೇ ಅವನ ಮೈ ಬೆವೆತು ನಾಲಿಗೆ ತೊದಲಿತು. ಆಮೇಲೆ ಕರೆದರೆ ಓಗೊಡಲಿಲ್ಲ. ಕಸದ ಬುಟ್ಟಿಯಲ್ಲಿ ಎರಡು ಸಿರಿಂಜ್ ಕಂಡಾಗ ಓಬಮ್ಮನಿಗೆ ತಾನು ಎರಡು ಸಲ ಚುಚ್ಚಿದ್ದು ಗೊತ್ತಾಯಿತು. ಅವನ ವಸಡಿಗೆ ಸಕ್ಕರೆ ತಿಕ್ಕಿದಳು. ಪಕ್ಕದ ಮನೆಯ ಪ್ರಜ್ಞಾ ಆಟೋ ಕರೆತಂದು ಜೊತೆಗೇ ಹತ್ತಿದಳು. ಅಜ್ಜಂಪುರದ ಆಸ್ಪತ್ರೆಯ ದಾರಿಯುದ್ದಕ್ಕೂ, "ನಾನೇ ಕೊಂದೆ ಕಣೇ, ಗೊತ್ತಿದ್ದೂ ಮುಚ್ಚಿಟ್ಟೆ," ಎಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳುತ್ತಲೇ ಇದ್ದಳು.

ಗ್ಲೂಕೋಸ್ ಹರಿದ ಮೇಲೆ ಗಿರಿಯಪ್ಪನಿಗೆ ಮಾತು ಬಂತು. ಓಬಮ್ಮ ಸ್ಕ್ಯಾನಿನ ವಿಷಯವನ್ನೆಲ್ಲ ಹೇಳಿದಳು.

"ಎರಡನೇ ಸಲ ಚುಚ್ಚಿದ್ದು ಗೊತ್ತಾಗ್ಲಿಲ್ವಾ ನಿಂಗೆ?"

"ಗೊತ್ತಾಯ್ತು. ನರ್ಸಮ್ಮ ಕೊಡ್ತಾವ್ಳೆ ಅಂದ್ರೆ ಸರಿಯಾಗೇ ಇರ್ತದೆ ಅಂದ್ಕಂಡೆ."

ಅವಳು ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಮನೆಗೆ ಬಂದ ಮೇಲೆ ಸೀಸೆ, ಸಿರಿಂಜ್ ಎಲ್ಲವನ್ನೂ ಪ್ರಜ್ಞಾಳ ಕೈಗೆ ಕೊಟ್ಟು, ದಿನಾ ನೀನೇ ಬಂದು ಚುಚ್ಚು, ಹೇಗೆಂದು ನಾನು ಕಲಿಸುತ್ತೇನೆ ಎಂದಳು.

"ಇನ್ಮೇಲೆ ನಾನು ಏನಾದ್ರೂ ತಪ್ಪು ಮಾಡಿದ್ರೆ ಬೇಡ ಅನ್ನು," ಎಂದಳು ಗಂಡನಿಗೆ.

"ನಿಂಗೆ ಬೇಡ ಅಂದು ರೂಢಿ ಇಲ್ಲ ನಂಗೆ."

"ಕಲ್ತ್ಕ. ನಂಗೆ ಬುದ್ಧಿ ಇರೋವಾಗ್ಲೇ ಕಲ್ತ್ಕ."

ಗಿರಿಯಪ್ಪ ಗಾಳಿಯಲ್ಲಿ ತಡಕಾಡಿ ಅವಳ ಕೈ ಹಿಡಿದುಕೊಂಡ. ಆಗಲಿ ಎಂದು ತಲೆಯಾಡಿಸಿದ.