ಮೆರಿಟ್ ಸೀಟಿನ ಅಪ್ಪ

ಮಗಳು ನಿಖಿತಾಳ ಎಂಟುನೂರು ಮೀಟರ್ ಓಟದ ಸಮಯಗಳನ್ನೆಲ್ಲ ಸುದರ್ಶನ ಗ್ರಾಫ್‌ಗೆ ಇಳಿಸಿದ್ದ. ಸಿಡ್ನಿಯ ನಾರ್ವೆಸ್ಟ್ ಬಡಾವಣೆಯ ಔಷಧ ಪ್ರಯೋಗಾಲಯದಲ್ಲಿ ಮಾತ್ರೆಗಳ ಆಯಸ್ಸು ಲೆಕ್ಕಹಾಕುವವನಿಗೆ ಅದೇನು ಮಹಾ! ಗ್ರಾಫನ್ನು ಅಮೆರಿಕದ ಕಾಲೇಜು ಕೋಚ್‌ಗಳಿಗೆ ಕಳಿಸಿ, ಕ್ರೀಡಾ ಸ್ಕಾಲರ್‌ಶಿಪ್ ಕೇಳಿದ್ದ.

"ಅಪ್ಪ, ಈ ಲೈನ್ ಹಿಂಗೇ ಇಳಿದ್ರೆ ಮುಂದೊಂದಿನ ನಾನು ಸ್ಟಾರ್ಟ್ ಮಾಡೋಕೆ ಮುಂಚೆನೇ ಫಿನಿಷ್ ಮಾಡಿರ್ತೀನಿ," ಎಂದಿದ್ದಳು ನಿಖಿತಾ. ಅವನು ಅದನ್ನು ಹೊಗಳಿಕೆ ಎಂದುಕೊಂಡಿದ್ದ.

ಉತ್ತರಿಸಿದ್ದು ಒಬ್ಬರೇ ಕೋಚ್. ಅಪ್ಪ-ಮಗಳು ಸಿಡ್ನಿಯಿಂದ ಪಂದ್ಯಕ್ಕೆಂದು ಮೆಲ್ಬರ್ನ್‌ಗೆ ಬಂದು ಮೋಟೆಲಿನಲ್ಲಿದ್ದಾಗ ಅವರ ವಿಡಿಯೋ ಕಾಲ್ ಬಂತು, ಹೇಳಿದ್ದಕ್ಕಿಂತ ಬೇಗ. ನಿಖಿತಾ ಬೆಳಗಿನ ಓಟಕ್ಕೆ ಹೋಗಿದ್ದಳು. ಸುದರ್ಶನ ಮೇಲೆ ಟೈ, ಕೆಳಗೆ ಲುಂಗಿಯಲ್ಲಿ ಕುಳಿತ.

ಸ್ಕಾಲರ್‌ಶಿಪ್‌ಗಳೆಲ್ಲ ಮುಗಿದಿವೆ, ಆದರೆ ತಂಡದಲ್ಲಿ ವಾಕ್-ಆನ್ ಜಾಗ ಒಂದಿದೆ ಎಂದರು ಕೋಚ್. ಅದೇ ತರಬೇತಿ, ಅದೇ ಜೆರ್ಸಿ. ತಂಡದಿಂದ ದುಡ್ಡು ಮಾತ್ರ ಇಲ್ಲ. ಚೆನ್ನಾಗಿ ಓಡಿದರೆ ಮುಂದೆ ಸ್ಕಾಲರ್‌ಶಿಪ್ ಸಿಗಬಹುದು, ಖಾತರಿಯಿಲ್ಲ.

ಸುದರ್ಶನನ ಮೈ ಉರಿಯಿತು. ಇದು ಮ್ಯಾನೇಜ್‌ಮೆಂಟ್ ಸೀಟಲ್ಲದೆ ಇನ್ನೇನು? ಅವನು ಸಿಇಟಿ ಬರೆದು ಮೈಸೂರಿನಲ್ಲಿ ಮೆರಿಟ್ ಸೀಟು ಹಿಡಿದವನು. ತನ್ನ ರ‍್ಯಾಂಕನ್ನು ಸಿಡ್ನಿಯ ಪ್ಯಾರಮಟ್ಟಾ ರೈಲಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದವನು.

"ಕ್ಷಮಿಸಿ, ನಮ್ಮದು ಮೆರಿಟ್ ಕುಟುಂಬ," ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ಹೇಳಿ ಕಾಲ್ ಮುಗಿಸಿದ.

ಬೆವರೊರೆಸುತ್ತ ಒಳಬಂದ ನಿಖಿತಾ ಸಂಗತಿ ಕೇಳಿ ಹಾಸಿಗೆಯ ಮೇಲೆ ಕುಸಿದಳು. "ನೋ ಅಂದ್ಬಿಟ್ಯಾ? ನನ್ನ ಕೇಳ್ದೇನೇ?"

"ಡೊನೇಷನ್ ಕೊಟ್ಟು ಓಡೋ ಗತಿ ನಮಗೆ ಬಂದಿಲ್ಲ ಪುಟ್ಟಿ."

"ಡೊನೇಷನ್ ಯಾರಪ್ಪ ಕೇಳಿದ್ರು? ಟೀಮಲ್ಲಿ ಇಷ್ಟೇ ಜನ ಅಂತ ಲಿಮಿಟ್ ಇದೆ. ಓಟ ನೋಡಿ ಆರಿಸ್ತಾರೆ. ಫೀಸ್‌ಗೆ ನನ್ನ ಮಾರ್ಕ್ಸ್ ಮೇಲೆ ಕಾಲೇಜೇ ಬೇರೆ ಸ್ಕಾಲರ್‌ಶಿಪ್ ಕೊಡ್ತಿದೆ. ಆ ಮೇಲ್ ನಿಂಗೂ ಬಂದಿತ್ತಲ್ಲ!"

ಬಂದಿತ್ತು. ಆಗ ಅವನು ಗ್ರಾಫಿನ ಬಣ್ಣ ಬದಲಿಸುತ್ತಿದ್ದ.

ನಿಖಿತಾ ತಾನೇ ಕಾಲ್ ಮಾಡಿದಳು. ಫೋನ್ ನಿಲ್ಲಿಸಲು ಆಸರೆ ಸಿಗದೆ ಅಪ್ಪನ ಕೈಗಿತ್ತಳು. "ಹಿಡ್ಕೋ. ಮಾತಾಡ್ಬೇಡ."

ತಂದೆ ಬೇಡವೆಂದರಲ್ಲ ಎಂದು ಕೋಚ್ ಕೇಳಿದರು.

"ಓಡೋದು ನಾನು," ಎಂದಳು ಅವಳು ಇಂಗ್ಲಿಷಿನಲ್ಲಿ.

ಕೋಚ್ ನಕ್ಕರು. ಜಾಗ ಇನ್ನೂ ಖಾಲಿಯಿತ್ತು; ಈಗ ಅವಳದಾಯಿತು.

ಗ್ರಾಫಿನ ಬಗ್ಗೆ ಒಂದೇ ಒಂದು ಮಾತು ಹೇಳಲು ಸುದರ್ಶನನ ಬಾಯಿ ತೆರೆದುಕೊಂಡಿತು. ಮಗಳ ಕಣ್ಣು ನೋಡಿ ಮುಚ್ಚಿಕೊಂಡಿತು.

"ಅಪ್ಪ, ಅಲ್ಲಾಡಿಸ್ಬೇಡ."

ತೋಳು ಸೋಲುತ್ತಿತ್ತು. ಅವನು ಇನ್ನೊಂದು ಕೈಯನ್ನೂ ಆಸರೆಗೆ ಕೊಟ್ಟು ನಿಂತ. ಈ ಕೆಲಸದಿಂದಲೂ ತೆಗೆದುಹಾಕಿಯಾಳೆಂಬ ಭಯ.