ಹಾಲೆಮರದ ಮೊಟ್ಟೆ

ನಾನು ಒಂದು ಮೊಟ್ಟೆ. ಹಾಗೆಂದ ಕೂಡಲೇ ಬಾಣಲೆಯ ಕಡೆ ನೋಡಬೇಡಿ. ನನ್ನನ್ನು ಕಚ್ಚಿದವರ ಹಲ್ಲು ಉಳಿದ ಉದಾಹರಣೆಯಿಲ್ಲ. ನಾನು ಮರದ ಮೊಟ್ಟೆ. ಮಿಕ್ಕ ಮೊಟ್ಟೆಗಳೆಲ್ಲ ಯಾವುದೋ ಕೋಳಿಯ ಹೊಟ್ಟೆಯಿಂದ ಜಾರಿ ಬಿದ್ದವು. ನಾನು ಮಾತ್ರ ಚನ್ನಪಟ್ಟಣದಲ್ಲಿ, ಐವತ್ತು ವರ್ಷ ಗೊಂಬೆ ಕಡೆದ ಕೆಂಚಯ್ಯನವರ ಲೇತಿನ ಮೇಲೆ ನಿಮಿಷಕ್ಕೆ ಒಂದು ಲಕ್ಷ ಸುತ್ತು ತಿರುಗಿ ಹುಟ್ಟಿದವನು. ಲಕ್ಷವಲ್ಲ, ಸಾವಿರ ಇರಬಹುದು ಎನ್ನುವವರು ತಾವೇ ಒಮ್ಮೆ ತಿರುಗಿ ನೋಡಲಿ.

ನನ್ನನ್ನು ಮಾಡಿಸಿದ್ದು ಕೆಂಚಯ್ಯನವರ ಮಗಳು ಸುಗುಣ. ಮದುವೆಯಾಗಿ ಮಳವಳ್ಳಿಗೆ ಹೋಗಿದ್ದ ಅವಳು ಆ ವರ್ಷ ಶಿವರಾತ್ರಿ ಕಳೆದ ಮೇಲೆ ಹಿತ್ತಲಲ್ಲಿ ಆರು ನಾಟಿ ಹೇಂಟೆ, ಒಂದು ಹುಂಜ ಸಾಕತೊಡಗಿದ್ದಳು. ಹೇಂಟೆಗಳಿಗೆ ಪ್ರಾಯ ಬಂದಿತ್ತು, ಜುಟ್ಟು ಕೆಂಪಾಗಿತ್ತು, ಮೊಟ್ಟೆ ಮಾತ್ರ ಕಾಣುತ್ತಿರಲಿಲ್ಲ. ಬುಟ್ಟಿಯಲ್ಲಿ ಹುಲ್ಲು ಹಾಸಿ ಒಂದು ಮೊಟ್ಟೆ ಇಟ್ಟರೆ ಕೋಳಿಗಳು ಅದೇ ಜಾಗ ಎಂದು ನಂಬಿ ಅಲ್ಲೇ ಇಡುತ್ತವೆ ಎಂದು ಯಾರೋ ಹೇಳಿದ್ದರು. ಅಂಗಡಿಯ ಮೊಟ್ಟೆ ಇಟ್ಟು ನೋಡಿದಳು. ಕಾಲಿಗೆ ಸಿಕ್ಕಿ ಒಡೆಯಿತು. ಕೋಳಿಗಳು ಕುಕ್ಕಿ ಚಪ್ಪರಿಸಿದವು. ಆ ರುಚಿ ಹತ್ತಿದರೆ ಮುಂದೆ ತಮ್ಮ ಮೊಟ್ಟೆಯನ್ನೇ ತಿಂದಾವು ಎಂಬ ಹೆದರಿಕೆಗೆ ಅಪ್ಪನಿಗೆ ಫೋನು ಮಾಡಿದಳು. ಮರದ್ದೊಂದು ಕಡೆದುಕೊಡಿ ಎಂದಳು.

ಕೆಂಚಯ್ಯ ಹಾಲೆಮರದ ಒಂದು ತುಂಡು ಹಿಡಿದು ಎರಡು ಬೀಡಿ ಸೇದುವಷ್ಟರಲ್ಲಿ ನನ್ನನ್ನು ಮುಗಿಸಿದರು. ಕೋಳಿಗೆ ಅದೇ ಕೆಲಸಕ್ಕೆ ಒಂದು ದಿನ ಬೇಕು. ಬಣ್ಣ ಹಾಕುವಾಗ ಅವರ ಕೈ ಅಭ್ಯಾಸಬಲದಿಂದ ಕೆಂಪು ಅರಗಿನ ಕಡ್ಡಿಯತ್ತ ಹೋಯಿತು. ಮಗಳ ಮಾತು ನೆನಪಾಗಿ, ನಾಟಿ ಮೊಟ್ಟೆಯ ಹಾಗೆ ತಿಳಿ ಕಂದು ಅರಗನ್ನು ಒತ್ತಿ, ಒಣಗಿದ ತಾಳೆಗರಿಯಿಂದ ಉಜ್ಜಿ, ಮತ್ತೆ ಹೊಳಪನ್ನೂ ಸ್ವಲ್ಪ ಕೊಂದರು. ಮನೆಯಾಕೆಯ ಮುಂದೆ ನನ್ನನ್ನೂ ಒಂದು ನಿಜವಾದ ಮೊಟ್ಟೆಯನ್ನೂ ಇಟ್ಟು ಯಾವುದು ಸಾಚಾ ಎಂದು ಕೇಳಿದರು. ಆಕೆ ನನ್ನನ್ನೇ ಎತ್ತಿಕೊಂಡರು. ಮೇಲಿದ್ದ ಬ್ರಹ್ಮನಿಗೂ ಸ್ವಲ್ಪ ಹೊಟ್ಟೆಕಿಚ್ಚಾಗಿರಬೇಕು, ಅಂದು ಸಂಜೆ ಗುಡುಗಿತು.

ಹೀಗೆ ನಾನು ಟವೆಲಿನಲ್ಲಿ ಸುತ್ತಿಸಿಕೊಂಡು ಬಸ್ಸಿನಲ್ಲಿ ಮಳವಳ್ಳಿಗೆ ಬಂದೆ. ಸುಗುಣಳ ಮನೆಯಲ್ಲಿ ಗಂಡ ನಿಂಗರಾಜು, ಅತ್ತೆ ದೊಡ್ಡತಾಯಮ್ಮ. ನಿಂಗರಾಜು ಗೂಡ್ಸ್ ಆಟೋ ಓಡಿಸುತ್ತಿದ್ದ. ಮನೆಯ ಜಗಳಗಳು ಶುರುವಾಗುವ ಹೊತ್ತಿಗೆ ಸರಿಯಾಗಿ ಅವನಿಗೆ ಬಾಡಿಗೆ ಸಿಗುತ್ತಿತ್ತು. ಹಿತ್ತಲು ಎರಡು ಮಂಚ ಹಾಕುವಷ್ಟು. ನಾನು ಅದನ್ನು ರಾಜ್ಯವೆಂದೇ ಕರೆಯುತ್ತೇನೆ. ಹಳೆಯ ಬಾಗಿಲು, ಜಾಲರಿ, ತಗಡು ಸೇರಿಸಿ ಸುಗುಣ ತಾನೇ ಕಟ್ಟಿದ ಕೋಳಿಗೂಡು ಅದರ ಅರಮನೆ. ಗೋಡೆಯಾಚೆ ಯಾರದೋ ಖಾಲಿ ಸೈಟು, ಅದರ ತುಂಬ ಎಕ್ಕದ ಗಿಡ.

ಲೇತಿನ ಹೊಟ್ಟಿನಲ್ಲಿ ಬೆಳೆದ ಸುಗುಣಳಿಗೆ ಕೋಳಿಯ ಕಾಲು ಹಿಡಿದೂ ಗೊತ್ತಿರಲಿಲ್ಲ. ಸಂತೆಯಿಂದ ತಂದ ದಿನವೇ ಏಳನ್ನೂ ಬಿಟ್ಟುಬಿಟ್ಟಿದ್ದಳಂತೆ. ಏಳೂ ಹೋಗಿ ಪಕ್ಕದ ಮನೆಯ ಜುಬೇದಾಬಿಯ ಮಾಳಿಗೆಯ ಮೇಲೆ ಕೂತವು. ಹಿಡಿಯಲು ಇಡೀ ಬೀದಿ ಸೇರಿತು, ಪೊಲೀಸರು ಬಂದರು, ಅಗ್ನಿಶಾಮಕದ ಗಾಡಿ ಬಂತು. ನಾನು ಆಗಿನ್ನೂ ಹುಟ್ಟಿರಲಿಲ್ಲ, ಆದರೆ ಬಂದಿರಲೇಬೇಕು. ವಾರ ಗೂಡಿನಲ್ಲೇ ಕೂಡಿಹಾಕಿ ಅಲ್ಲೇ ನುಚ್ಚು, ನೀರು ಕೊಟ್ಟರೆ ಆಮೇಲೆ ಬಿಟ್ಟರೂ ಸಂಜೆಗೆ ಮನೆಗೆ ಬರುತ್ತವೆ ಎಂದು ಹೇಳಿಕೊಟ್ಟವರು ಜುಬೇದಾಬಿ. ಹೇನಿಗೆ ಬೂದಿ ಗುಂಡಿ ಮಾಡಿಡು ಎಂದವರೂ ಅವರೇ.

ದೊಡ್ಡತಾಯಮ್ಮನಿಗೆ ಕೋಳಿ ಕಂಡರೆ ಆಗದು ಎಂದಲ್ಲ. ತಟ್ಟೆಯಲ್ಲಿ ಕಂಡರೆ ಬಹಳ ಪ್ರೀತಿ. ಬಿಟ್ಟ ಮೊದಲ ವಾರವೇ ಅವು ಆಕೆಯ ದಂಟಿನ ಸೊಪ್ಪಿನ ಮಡಿಯನ್ನು ಕೆದಕಿ ಬಯಲು ಮಾಡಿದ್ದವು. ಆಕೆ ಸೊಸೆಯನ್ನು ಕರೆದು ತೀರ್ಪು ಹೇಳಿದರು.

"ಹೊಸತೊಡಕು ಗಂಟ ನೋಡ್ತೀನಿ ಕನಮ್ಮಿ. ಮೊಟ್ಟೆ ಇಕ್ಕುದ್ರೆ ಕೋಳಿ. ಇಕ್ನಿಲ್ವಾ, ಸಾರು."

ಯುಗಾದಿಯ ಮರುದಿನ ಹೊಸತೊಡಕು. ಆ ಸೀಮೆಯಲ್ಲಿ ಅಂದು ಮಾಂಸದ ಅಡುಗೆಯಾಗದ ಒಲೆ ಇಲ್ಲ. ನಾನು ಬಂದಾಗ ಹಬ್ಬಕ್ಕೆ ಹತ್ತೇ ದಿನ. ಆರು ಕೊರಳುಗಳು ನನ್ನ ಹೆಗಲ ಮೇಲಿದ್ದವು. ಮೊಟ್ಟೆಗೆ ಹೆಗಲೆಲ್ಲಿ ಎಂದು ಕೇಳಬೇಡಿ, ಆ ಹತ್ತು ದಿನ ಇತ್ತು. ಸುಗುಣಳಿಗೆ ಆ ಮನೆಯಲ್ಲಿ ಇದು ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಆ ಕೋಳಿಗಳೇ. ಚುಕ್ಕಿ ಎಂಬ ಹೆಸರಿನ ಚುಕ್ಕೆ ಹೇಂಟೆಯಂತೂ ಅವಳ ಮಡಿಲಲ್ಲೇ ನುಚ್ಚು ತಿನ್ನುತ್ತಿತ್ತು.

ನಾನು ಮರದವನೆಂದು ಸುಗುಣ ಅತ್ತೆಗೆ ಹೇಳಲಿಲ್ಲ. ಹೇಳಿದ್ದರೆ, ಕೋಳಿಗೆ ಮೊಟ್ಟೆ ಇಕ್ಕುವುದನ್ನು ಕಲಿಸಲು ತವರಿನಿಂದ ಮೇಷ್ಟ್ರನ್ನು ಕರೆಸಿದ್ದಾಳೆ ಎಂದು ಆಕೆ ಬೀದಿಯ ಕೊನೆಯ ತನಕ ಸಾರುತ್ತಿದ್ದರು. ಹೇಗೂ ಗೂಡಿನ ಹತ್ತಿರ ಕಾಲಿಡುವುದಿಲ್ಲ ಎಂದು ದೊಡ್ಡತಾಯಮ್ಮ ಶಪಥ ಮಾಡಿದ್ದರಲ್ಲ! ನನ್ನನ್ನು ಬುಟ್ಟಿಯಲ್ಲಿ ಕೂರಿಸಿ ಸುಗುಣ ಬಾಗಿಲು ಮುಚ್ಚಿದಳು.

ನಾನು ಪಾಠ ಶುರು ಮಾಡಿದೆ. ಕೋಳಿಗಳು ಒಂದೊಂದಾಗಿ ಬಂದು, ಕತ್ತು ಓರೆ ಮಾಡಿ ನೋಡಿ, ಒಮ್ಮೆ ಕುಕ್ಕಿ ಹೋದವು. ಚುಕ್ಕಿ ಒಂದು ದಿನ ನನ್ನ ಮೇಲೆ ಕೂತಿತು. ಮರ್ಯಾದೆಗೆ ಕೂತಂತೆ ಎರಡು ನಿಮಿಷ ಕೂತು ಎದ್ದಿತು. ಸುಗುಣ ದಿನವೂ ಬೆಳಕು ಹರಿಯುವ ಮೊದಲೇ ಗೂಡು ತೆರೆಯುತ್ತಿದ್ದಳು. ಬೇಗ ಬಿಟ್ಟರೆ ಹೆಚ್ಚು ಮೇಯುತ್ತವೆ, ಹೆಚ್ಚು ಮೇಯ್ದರೆ ಬೇಗ ಇಡುತ್ತವೆ ಎಂಬುದು ಅವಳ ಲೆಕ್ಕ. ತೆರೆದ ಕೂಡಲೇ ಆರೂ ಗೋಡೆ ಹಾರಿ ಮಾಯ. ಎಂಟು ದಿನ ನಾನು ಒಬ್ಬನೇ ಬುಟ್ಟಿ ಕಾದೆ. ನನ್ನ ಶಿಷ್ಯರು ದಡ್ಡರೆಂದೇ ತಿಳಿದಿದ್ದೆ.

ಹಬ್ಬಕ್ಕೆ ಎರಡು ದಿನ ಇದ್ದಾಗ ಸುಗುಣ ಬೇವಿನ ಸೊಪ್ಪು ತರಲು ಹೋದಳು. ದೊಡ್ಡತಾಯಮ್ಮ ಅತ್ತಿತ್ತ ನೋಡಿ, ಶಪಥವನ್ನು ಅಡುಗೆಮನೆಯಲ್ಲೇ ಬಿಟ್ಟು, ಗೂಡಿಗೆ ಬಂದು ಬಗ್ಗಿದರು. ನನ್ನನ್ನು ಕಂಡರು. ಆಗ ಆ ಮುಖ ಅರಳಿದ್ದು ನೋಡಬೇಕಿತ್ತು. ಸೊಪ್ಪಿನ ಮಡಿಯ ಸಿಟ್ಟೆಲ್ಲ ಅರ್ಧ ಗಳಿಗೆಯಲ್ಲಿ ಇಳಿದುಹೋಯಿತು. ನನ್ನನ್ನು ಸೆರಗಿನಲ್ಲಿ ಮುಚ್ಚಿ ಒಳಗೆ ಒಯ್ದರು. ಮೊದಲ ಮೊಟ್ಟೆಯನ್ನು ಬೇಯಿಸಿ, ಸೊಸೆ ಬಂದಾಗ ತಟ್ಟೆಯಲ್ಲಿಟ್ಟು ಬೆರಗು ಮಾಡುವುದು ಆಕೆಯ ಮನಸ್ಸಿನಲ್ಲಿತ್ತು.

ಆದರೆ ಎಂಥ ಮೊಟ್ಟೆಯನ್ನೂ ನೀರಿಗೆ ಹಾಕಿ ಪರೀಕ್ಷಿಸದೆ ದೊಡ್ಡತಾಯಮ್ಮ ಒಲೆಗೆ ಇಟ್ಟವರಲ್ಲ. ಮುಳುಗಿದರೆ ತಾಜಾ, ತೇಲಿದರೆ ಕೊಳೆತದ್ದು. ಚೊಂಬಿಗೆ ನೀರು ಬಂತು. ನಾನು ಇಳಿದೆ. ಹಾಲೆಮರ ಎಲ್ಲಾದರೂ ಮುಳುಗುವುದುಂಟೆ? ತೇಲಿದ್ದಷ್ಟೇ ಅಲ್ಲ, ಅಡ್ಡ ಮಲಗಿ, ಉರುಳಿ, ಕುಣಿದುಬಿಟ್ಟೆ. ಆಕೆಯ ಮುಖ ಮತ್ತೆ ಗಂಟಾಯಿತು. ಒಡೆದರೆ ಮನೆ ನಾರುತ್ತದೆಂದು ಹುಷಾರಾಗಿ ಎತ್ತಿ, ಹಿತ್ತಲ ಬಾಗಿಲಲ್ಲಿ ನಿಂತು, ಗೋಡೆಯಾಚೆ ಬೀಸಿ ಒಗೆದರು.

ನಾನು ಹಾರಿದೆ. ವಿಮಾನಗಳಿಗಿಂತ ಮೇಲೆ ಹಾರಿದೆ. ಕಾವೇರಿ ಕಂಡಿತು, ಮೈಸೂರಿನ ಬೆಟ್ಟ ಕಂಡಿತು. ಇಳಿದದ್ದು ಎಕ್ಕದ ಗಿಡಗಳ ನಡುವೆ ಬಿದ್ದಿದ್ದ ಒಂದು ಸಿಮೆಂಟು ರಿಂಗಿನೊಳಗೆ. ಕೆಳಗೆ ಮೆತ್ತಗೆ ಒಣಹುಲ್ಲು, ಸುತ್ತ ಒಂದು ರಾಶಿ ಮೊಟ್ಟೆ! ಒಂದನ್ನು ಒಡೆದೆ, ಒಪ್ಪಿಕೊಳ್ಳುತ್ತೇನೆ. ಅಲ್ಲೇ ಕೂತಿದ್ದ ಚುಕ್ಕಿ ಬೆಚ್ಚಿ, ಆಮೇಲೆ ನನ್ನನ್ನು ಗುರುತು ಹಿಡಿದು, ಕೊಕ್ಕಿನಿಂದ ನೂಕಿ ಹೊಟ್ಟೆಯಡಿ ಸೇರಿಸಿಕೊಂಡಿತು. ನನ್ನ ಶಿಷ್ಯರು ದಡ್ಡರಾಗಿರಲಿಲ್ಲ. ಬೆಳಗಾಗುವ ಮೊದಲೇ ಬಿಟ್ಟದ್ದರಿಂದ ಇಲ್ಲಿಗೆ ಬಂದು ಇಡುತ್ತಿದ್ದವು, ಅಷ್ಟೆ.

ಸುಗುಣ ಬಂದು ಬುಟ್ಟಿ ನೋಡಿದರೆ ಖಾಲಿ. ಅತ್ತೆಯನ್ನು ಕೇಳಿದಳು.

"ನಿನ್ ಕೋಳಿಗೋಳು ಇಕ್ಕಿದ್ದೇ ಒಂದು, ಅದೂ ಕೊಳ್ತೋಗಿತ್ತು. ಆಚ್ಗೆ ಬಿಸಾಕ್ದೆ," ಎಂದರು ದೊಡ್ಡತಾಯಮ್ಮ. ಆಮೇಲೆ, ಅತ್ತ ತಿರುಗಿ, ನಾಡಿದ್ದು ಯಾವುದನ್ನು ಮೊದಲು ಹಿಡಿಯೋದು ಅಂತ ನೀನೇ ಯೋಚನೆ ಮಾಡ್ಕೊ ಎಂದೂ ಸೇರಿಸಿದರು.

ಅಪ್ಪ ಕಡೆದದ್ದನ್ನು ಹುಡುಕಲು ಸುಗುಣ ಕಣ್ಣು ಒರೆಸಿಕೊಳ್ಳುತ್ತ ಗೋಡೆ ಹತ್ತಿ ಇಳಿದಳು. ಎಕ್ಕದ ಗಿಡ ಸರಿಸಿದಳು. ರಿಂಗಿನೊಳಗೆ ಬಗ್ಗಿ ಮೊಟ್ಟೆಗಳನ್ನು ಬೆರಳಿಟ್ಟು ಎಣಿಸಿದಳು. ಆಮೇಲೆ ಕೂಗಿದ್ದು ಮಂಡ್ಯದ ತನಕ ಕೇಳಿಸಿತು.

"ಅತ್ತೆ, ನೀರಿನ ಬಕೀಟು ತಕ್ಕೊಂಡು ಬನ್ನಿ."

ದೊಡ್ಡತಾಯಮ್ಮ ಸುತ್ತು ಹಾಕಿಕೊಂಡು ಬಂದರು. ಜುಬೇದಾಬಿ ಮಾಳಿಗೆಯ ಮೇಲಿಂದ ಬಗ್ಗಿದರು. ಪರೀಕ್ಷೆ ನಡೆಯಿತು. ಒಂದೊಂದೇ ಮೊಟ್ಟೆ ಬಕೀಟಿನ ತಳಕ್ಕೆ ಹೋಗಿ ಕೂತಿತು, ಹದಿನಾರೂ. ಕೊನೆಗೆ ನಾನು. ತೇಲಿದೆ.

"ಇದೇ ಕನಮ್ಮಿ ಆ ಕೊಳ್ತದ್ದು," ಎಂದು ಆಕೆ ಮತ್ತೆ ಕೈ ಬೀಸಿದರು. ಸುಗುಣ ಆ ಕೈ ಹಿಡಿದುಕೊಂಡು ಇದ್ದದ್ದನ್ನು ಇದ್ದಂತೆ ಹೇಳಿದಳು. ದೊಡ್ಡತಾಯಮ್ಮ ನನ್ನನ್ನು ರಿಂಗಿಗೆ ಕುಟ್ಟಿದರು. ಟಕ್ ಎಂದಿತು. ಮೂಸಿದರು. ಉಗುರಿನಿಂದ ಕೆರೆದರು. ಆಕೆ ನೆಲದ ಮೇಲೆ ಕುಕ್ಕರಿಸಿ, ಸೆರಗು ಬಾಯಿಗಿಟ್ಟು, ಮೈಯೆಲ್ಲ ಕುಲುಕುವಂತೆ ನಗತೊಡಗಿದರು.

"ನಿಮ್ಮಪ್ಪ ಕೋಳಿ ಯಾಮಾರ್ಸಕ್ಕೆ ಮಾಡಿದ್ದು ಇದು. ಆರು ಕೋಳೀಲಿ ಒಂದೂ ಯಾಮಾರ್ನಿಲ್ಲ. ನಾನೊಬ್ಳು ಯಾಮಾರ್ದೆ."

ಆ ಹೊಸತೊಡಕಿಗೆ ನಿಂಗರಾಜು ಪಾಲು ಹಾಕಿದ ಗುಡ್ಡೆ ಮಾಂಸ ತಂದ. ಸಾರು ಕುದಿಯುತ್ತಿರುವಾಗ ಆರು ಹೇಂಟೆಗಳೂ ಅಡುಗೆಮನೆಯ ಹೊಸ್ತಿಲ ಮೇಲೇ ಓಡಾಡಿದವು; ಯಾರೂ ಅವುಗಳ ಕೊರಳ ಕಡೆ ನೋಡಲಿಲ್ಲ. ಜುಬೇದಾಬಿಯ ಮನೆಗೆ ನಾಲ್ಕು ಮೊಟ್ಟೆ ಹೋಯಿತು.

ಅಲ್ಲಿಂದ ದೊಡ್ಡತಾಯಮ್ಮನದೇ ಆಡಳಿತ. ಸೊಪ್ಪಿನ ಮಡಿಗೆ ಮುಳ್ಳಿನ ಬೇಲಿ ಬಿತ್ತು. ಹತ್ತು ಗಂಟೆಯ ತನಕ ಗೂಡು ತೆರೆಯಬಾರದು ಎಂದರು. ತೆರೆಯದಿದ್ದ ಮೇಲೆ ಕೋಳಿಗಳು ನನ್ನ ಪಕ್ಕದಲ್ಲೇ ಇಡಲು ಕಲಿತವು. ಅದು ನನ್ನ ಪಾಠದ ಫಲ. ಬಾಗಿಲು ಮುಚ್ಚಿದ್ದರ ಫಲ ಎನ್ನುವವರ ಮಾತು ನಂಬಬೇಡಿ. ಹಬ್ಬ ಕಳೆದ ನಾಲ್ಕನೇ ದಿನ ಚುಕ್ಕಿ ಕಾವಿಗೆ ಕೂತಿತು. ಉಳಿದಿದ್ದ ಹನ್ನೆರಡು ಮೊಟ್ಟೆಗಳನ್ನು ದೊಡ್ಡತಾಯಮ್ಮ ಬುಟ್ಟಿಗಿಟ್ಟರು, ಗುಡುಗಿಗೆ ಕೆಡದಿರಲೆಂದು ಒಂದು ಕಬ್ಬಿಣದ ಮೊಳೆ, ಒಂದು ಇದ್ದಿಲು ಹಾಕಿದರು. ಕಾವಿಗೆ ಯಾವತ್ತೂ ಬೆಸ ಸಂಖ್ಯೆಯೇ ಆಗಬೇಕು. ಒಂದನ್ನು ತೆಗೆಯಲು ಮನಸ್ಸು ಬರಲಿಲ್ಲ. ಹದಿಮೂರನೆಯವನಾಗಿ ನನ್ನನ್ನು ಸೇರಿಸಿದರು.

ಇಪ್ಪತ್ತೊಂದು ದಿನ! ಆ ಬಿಸಿಯನ್ನು ಏನೆಂದು ಹೇಳಲಿ. ಹತ್ತು ಮರಿ ಬಂದವು; ನಾನು ಸುತ್ತಲಿನವರಿಗೆ ನೂರೆಂದು ಹೇಳಿಕೊಂಡಿದ್ದೇನೆ. ಮರಿಗಳು ಚಿಲಿಪಿಲಿಗುಟ್ಟಿ ಹೊರಗೆ ಉರುಳಿದರೂ ಚುಕ್ಕಿ ಏಳಲಿಲ್ಲ. ನಾನಿನ್ನೂ ಬಿರಿದಿರಲಿಲ್ಲವಲ್ಲ. ಮೇಲೆ ಹದ್ದು ಸುತ್ತುತ್ತಿತ್ತು. ನಾನೂ ಒಳಗಿನಿಂದ ಎಷ್ಟು ಪ್ರಯತ್ನಪಟ್ಟೆನೋ ನನಗೇ ಗೊತ್ತು. ಕೊನೆಗೆ ದೊಡ್ಡತಾಯಮ್ಮ ಕೈಹಾಕಿ, ಮೂರು ಸಲ ಕುಕ್ಕಿಸಿಕೊಂಡು, ನನ್ನನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಚುಕ್ಕಿ ಎದ್ದು ರೆಕ್ಕೆ ಬಿಚ್ಚಿ ಮರಿಗಳ ಕಡೆ ಓಡಿತು.

ಈಗ ನನಗೆ ವಯಸ್ಸಾಗಿದೆ. ಅರಗು ಸವೆದು ಮರ ಕಾಣುತ್ತಿದೆ, ಒಂದು ಕಡೆ ಸೀಳೂ ಬಿಟ್ಟಿದೆ. ಬೀದಿಯಲ್ಲಿ ಯಾರು ಹೊಸದಾಗಿ ಕೋಳಿ ಕಟ್ಟಿದರೂ ಒಂದು ತಿಂಗಳು ನನ್ನನ್ನು ಕೇಳಿ ಒಯ್ಯುತ್ತಾರೆ; ಒಟ್ಟು ಒಂಬತ್ತು ಮನೆ, ನನ್ನ ಲೆಕ್ಕದಲ್ಲಿ ಒಂಬೈನೂರು. ಕೊಡುವಾಗ ದೊಡ್ಡತಾಯಮ್ಮ, ಇದು ನಮ್ಮ ಬೀಗರು ಮಾಡಿದ್ದು, ನೀರಿಗೆ ಮಾತ್ರ ಹಾಕಬೇಡಿ ಎಂದು ಎಚ್ಚರಿಸುತ್ತಾರೆ. ತಿಂಗಳು ತುಂಬಿದ ಮರುದಿನವೇ ಸುಗುಣ ಹೋಗಿ ವಾಪಸು ತರುತ್ತಾಳೆ.

ಉಳಿದ ದಿನವೆಲ್ಲ ಗೂಡಿನ ಮೂಲೆಯ ಬುಟ್ಟಿಯೇ ನನ್ನ ಮನೆ. ನನ್ನಿಂದ ಒಂದು ಮರಿಯೂ ಬರಲಿಲ್ಲ, ನಿಜ. ಆದರೆ ದಿನವೂ ಬೆಳಿಗ್ಗೆ ಯಾವುದಾದರೂ ಎಳೆಯ ಹೇಂಟೆ ಅಳುಕುತ್ತ ಬಂದು, ನನ್ನನ್ನು ನೋಡಿ ಧೈರ್ಯ ತಂದುಕೊಂಡು ಕೂರುತ್ತದೆ. ಸ್ವಲ್ಪ ಹೊತ್ತಿಗೆ ನನ್ನ ಪಕ್ಕದಲ್ಲಿ ಒಂದು ಬಿಸಿ ಮೊಟ್ಟೆ ಇರುತ್ತದೆ. ಹೇಂಟೆ ಎದ್ದು, ಕತ್ತು ಎತ್ತಿ, ಜಗತ್ತಿನಲ್ಲಿ ಇದೇ ಮೊದಲನೆಯ ಮೊಟ್ಟೆ ಎನ್ನುವ ಹಾಗೆ ಕೊಕ್ಕೊಕ್ಕೊ ಎಂದು ಬೀದಿಗೆಲ್ಲ ಸಾರುತ್ತದೆ. ಆ ಹೊತ್ತಿನಲ್ಲಿ ಮಾತ್ರ ನಾನು ಬಾಯಿ ಮುಚ್ಚಿಕೊಂಡು ಕೇಳುತ್ತಿರುತ್ತೇನೆ.