ಅತ್ತೆಯ ಗುಲಾಬಿ ತುರುಬು

ಮೊಮ್ಮಗಳು ಪ್ರೇಕ್ಷಾ ಜ್ವರದಿಂದ ಎದ್ದರೆ ತಿರುಪತಿಗೆ ಮುಡಿ ಕೊಡುತ್ತೇನೆ ಎಂದು ಹರಕೆ ಹೊತ್ತವರು ಕಮಲಮ್ಮನೇ. ಮಗು ಎದ್ದಳು. ಕಮಲಮ್ಮ ಮುಡಿ ಕೊಟ್ಟು ಬೈಂದೂರಿಗೆ ಮರಳಿದರು, ಕನ್ನಡಿ ನೋಡಿದರು, ಒಳಕೋಣೆ ಸೇರಿಬಿಟ್ಟರು. ಈಗ ಬರುವ ಶನಿವಾರ ಪ್ರೇಕ್ಷಾಳ ಶಾಲೆಯ ವಾರ್ಷಿಕೋತ್ಸವ. ಅಜ್ಜಿ ಮುಂದಿನ ಸಾಲಿನಲ್ಲಿ ಕೂರದಿದ್ದರೆ ತಾನು ಕುಣಿಯುವುದೇ ಇಲ್ಲವೆಂದು ಅವಳ ಹಟ.

ಸೊಸೆ ಗಿರಿಜಾಳಿಗೆ ತಲೆಬಿಸಿಯಾಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಬ್ಯೂಟಿ ಪಾರ್ಲರ್ ಇಟ್ಟು ಊರಿನ ಮದುವಣಗಿತ್ತಿಯರಿಗೆಲ್ಲ ಜಡೆ ಕಟ್ಟುವವಳ ಮನೆಯಲ್ಲೇ ಹೀಗೆ! ಕುಂದಾಪುರಕ್ಕೆ ಹೋಗಿ ಒಂದು ವಿಗ್ ತಂದಳು. ಕಮಲಮ್ಮ ಅದನ್ನು ಸತ್ತ ಹೆಗ್ಗಣದ ಹಾಗೆ ಎರಡು ಬೆರಳಲ್ಲಿ ಎತ್ತಿದರು.

"ಯಾರ್ ತಲಿ ಕೂದ್ಲೋ ಎಂತದೋ! ಮುಟ್ರೆ ಮೈಲ್ಗಿ, ಮೀಯ್ಕ್."

"ತಿರ್ಪತಿಲ್ ಕೊಟ್ಟ ನಿಮ್ದೇ ಕೂದ್ಲ್ ವಾಪಸ್ ಬಂದಿಪ್ಪುಕೂ ಸಾಕ್, ಅತ್ತೇ."

"ದೇವ್ರಿಗ್ ಕೊಟ್ಟದ್ದ್ ವಾಪಸ್ ತಕಂಬ್ದಾ? ತೆಗಿ ಆಚಿಗೆ!"

ವಿಗ್ ಅಂಗಳಕ್ಕೆ ಹಾರಿತು. ಹೆಕ್ಕಲು ಹೋದ ಗಿರಿಜಾ ತಲೆಯೆತ್ತಿದರೆ, ಜಗಲಿಯಲ್ಲಿ ದೀಪಾವಳಿಗೆ ಕಟ್ಟಿ ಇನ್ನೂ ಬಿಚ್ಚದ ಗೂಡುದೀಪ. ಅದರ ಬಣ್ಣದ ಕಾಗದದ ಬಾಲಗಳು ಗಾಳಿಗೆ ಸುರುಳಿ ಸುತ್ತಿ ಬಳುಕುತ್ತಿದ್ದವು. ಕಾಗದ ಯಾರ ತಲೆಯದೂ ಅಲ್ಲವಲ್ಲ! ಖುಷಿಗೆ ಅವಳು ಅಂಗಳದಲ್ಲೇ ಒಂದು ಸುತ್ತು ಗಿರಕಿ ಹೊಡೆದಳು.

ಅಂದೇ ಪಾರ್ಲರಿಗೆ ಬೀಗ ಬಿತ್ತು. ಬಟ್ಟೆಯ ಟೊಪ್ಪಿ ಹೊಲಿದಳು. ಕಾಗದದ ಪಟ್ಟಿಗಳನ್ನು ಕತ್ತರಿಯ ಅಲಗಿಗೆ ಒತ್ತಿ ಎಳೆದರೆ ತಾವಾಗಿಯೇ ಗುಂಗುರಾಗುತ್ತಿದ್ದವು. ಅವನ್ನು ಟೊಪ್ಪಿಗೆ ಅಂಟಿಸಿ, ಗೂಡುದೀಪಕ್ಕೆ ಮಡಿಕೆ ಹಾಕುವಂತೆಯೇ ಹಾಕಿ ನೆತ್ತಿಯ ಮೇಲೆ ತುರುಬು ಎಬ್ಬಿಸಿದಳು. ಕಪ್ಪು ಕಾಗದ ಕಂಡು ಕಮಲಮ್ಮ ಮೂಗು ಮುರಿದರು.

"ಸುಳ್ಳ್ ಕೂದ್ಲ್ ಅಂದೇಳಿ ಎಲ್ರಿಗೂ ಗೊತ್ತಾತ್ತ್. ಮತ್ತೆ ಕಪ್ಪ್ ಎಂತಕ್ಕೆ? ಗುಲಾಬಿ ಬಣ್ಣದ್ ಹಾಕ್, ಹೆಣೆ ಗಿರಿಜಾ!"

ಗಿರಿಜಾ ನಕ್ಕು ನಕ್ಕು ಅಂಟಿನ ಡಬ್ಬಿ ಚೆಲ್ಲಿದಳು.

ಶನಿವಾರ ಸಂಜೆ ಗುಲಾಬಿ ತುರುಬು ಮೊದಲ ಸಾಲಿನಲ್ಲಿ ಗತ್ತಿನಿಂದ ಕೂತಿತು. ಹಿಂದಿನವರಿಗೆ ವೇದಿಕೆ ಕಾಣದೆ ಗಲಾಟೆ; ಕಮಲಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ. ಪ್ರೇಕ್ಷಾ ಬಂದಳು, ಅಜ್ಜಿಯನ್ನು ಕಂಡಳು, ಕುಣಿಯತೊಡಗಿದಳು. ಆಗಲೇ ಯಾರೋ ವೇದಿಕೆಯ ಪಕ್ಕದ ದೊಡ್ಡ ಫ್ಯಾನ್ ಹಾಕಿದರು. ಒಂದು ಗುಂಗುರು ಹಾರಿತು, ಬೆನ್ನಿಗೇ ಇನ್ನೊಂದು, ಆಮೇಲೆ ತುರುಬಿಗೆ ತುರುಬೇ ಟೊಪ್ಪಿ ಸಮೇತ ಎದ್ದು ಹಿಂದಿನ ಸಾಲುಗಳತ್ತ ಹೊರಟಿತು. ಮಕ್ಕಳು ಕೇಕೆ ಹಾಕಿ ಹಿಡಿಯಲು ಓಡಿದರು.

ಪಕ್ಕದಲ್ಲಿದ್ದ ಗಿರಿಜಾ ಕುರ್ಚಿಯಿಂದ ಜಿಗಿದೆದ್ದಳು. ಇನ್ನು ಈ ಜನ್ಮದಲ್ಲಿ ಅತ್ತೆ ಬಾಗಿಲು ದಾಟಲಿಕ್ಕಿಲ್ಲ! ಗಡಿಬಿಡಿಯಲ್ಲಿ ಅವರ ಸೆರಗನ್ನು ಬೋಳು ತಲೆಯ ಮೇಲೆ ಎಳೆದಳು. ಅದು ಕಣ್ಣಿನ ಮೇಲೂ ಇಳಿಯಿತು.

ಕಮಲಮ್ಮ ಎರಡೂ ಕೈಯಲ್ಲಿ ಸೆರಗು ಕಿತ್ತು ಹೆಗಲಿಗೆ ಎಸೆದರು.

"ಬಿಡ್ ಮಾರಾಯ್ತಿ! ಪ್ರೇಕ್ಷಾ ಕುಣುದ್ ನಂಗ್ ಕಾಂತಿಲ್ಲೆ!"